ಮಜ್ಜಿಗೆ ಕೊಡದ ಊರು

ಹಂಗಳ
14 ನವೆಂಬರ್ 1954

ನೀಲಕಂಠ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡಿದರೆ ಸುಳ್ಳು ಬರೆದಂತಾಗುತ್ತದೆ. ನಾವು ಕ್ಷೇಮ. ಪಕ್ಕದ ಮನೆಯ ಪುಟ್ಟಸಿದ್ದಮ್ಮನ ಕರು ಕ್ಷೇಮವಾಗಿಲ್ಲ. ನಿನ್ನೆ ಬೆಳಿಗ್ಗೆ ಹಳದಿ ಬಸ್ಸಿನ ಚಕ್ರಕ್ಕೆ ಸಿಕ್ಕಿ ನಮ್ಮ ಜಗಲಿಯ ಮುಂದೆಯೇ ಸತ್ತುಹೋಯಿತು.

ದೀಪಾವಳಿಗೆ ಬಂದಾಗ ನೀನೇ ನೋಡಿದ್ದೀಯಲ್ಲ, ಊಟಿ ರಸ್ತೆ ನಮ್ಮ ಊರಿನ ಒಳಗೇ ಹಾದುಹೋಗುತ್ತದೆ. ನಮ್ಮ ಮನೆಗಳೆಲ್ಲ ಈ ಕಡೆ, ಬಾವಿಯೂ ಶಾಲೆಯೂ ಆ ಕಡೆ. ಮೊದಲು ಅಪರೂಪಕ್ಕೊಂದು ಬಸ್ಸು ಬರುತ್ತಿತ್ತು. ಈಗ ಹಳದಿ ಬಸ್ಸಿನವರಿಗೂ ಕೆಂಪು ಬಸ್ಸಿನವರಿಗೂ ಜಿದ್ದು ಬಿದ್ದಿದೆ. ಗುಂಡ್ಲುಪೇಟೆಯಲ್ಲಿ ಕಾದು ನಿಂತ ಜನರನ್ನು ಯಾರು ಮೊದಲು ಹತ್ತಿಸಿಕೊಳ್ಳುತ್ತಾರೋ ಅವರಿಗೆ ಲಾಭವಂತೆ. ಹಾಗಾಗಿ ಕಾಡು ದಾಟಿದ ಕೂಡಲೇ ಎರಡೂ ಬಸ್ಸು ನಮ್ಮ ಬೀದಿಯನ್ನು ಪಂದ್ಯದ ಬಯಲು ಮಾಡಿಕೊಳ್ಳುತ್ತವೆ. ಅವು ಹೋದ ಮೇಲೆ ಸೂರಿನ ಹೆಂಚಿನಿಂದ ಅನ್ನದ ತಟ್ಟೆಗೆ ಧೂಳು ಉದುರುತ್ತದೆ.

ಕರು ಬಿದ್ದಾಗ ಡ್ರೈವರು ಇಳಿಯಲೂ ಇಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಆರನ್ ಒಡ್ದೆ ಕಣವ್ವಾ, ಕಿವಿ ಕೇಳಕಿಲ್ವಾ?" ಎಂದು ಗದರಿಸಿ ಹೋದ. ಕರುವನ್ನು ಕೇಳಿದನೋ ನನ್ನನ್ನು ಕೇಳಿದನೋ ತಿಳಿಯಲಿಲ್ಲ. ನನಗೆ ಮಾತ್ರ ಆ ಮಾತು ಇನ್ನೂ ಚುಚ್ಚುತ್ತಿದೆ.

ಮೋಟಾರು ಗಾಡಿಗಳ ಉಸ್ತುವಾರಿ ನೋಡುವ ಕಚೇರಿಯಲ್ಲಿ ನನ್ನ ತಮ್ಮ ಗುಮಾಸ್ತ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೇನೆ. ಆ ಹೆಮ್ಮೆಯಿಂದ ಇದುವರೆಗೆ ನನಗೆ ಆದ ಉಪಕಾರ ಏನೂ ಇಲ್ಲ. ಈಗ ಏನಾದರೂ ಮಾಡು.

ಮಗಳು ಮಾದೇವಿಯನ್ನು ಶಾಲೆಗೆ ಹಾಕಿದೆಯಾ ಎಂದು ಕೇಳಿದ್ದೀಯ. ಮುಂದಿನ ವರ್ಷ ನೋಡೋಣ. ಏಳು ವರ್ಷವಾದರೂ ಹುಡುಗಿಗೆ ರಸ್ತೆ ದಾಟುವ ಬುದ್ಧಿ ಬಂದಿಲ್ಲ. ಹಗಲು ಹೊತ್ತಿನಲ್ಲೂ ಬೀದಿ ಬಾಗಿಲಿಗೆ ಅಗುಳಿ ಹಾಕಿಯೇ ನಾನು ಒಲೆ ಮುಂದೆ ಕೂರುವುದು.

ಅಕ್ಕ ಗುರುಮಲ್ಲಮ್ಮ


ಚಾಮರಾಜನಗರ
22 ನವೆಂಬರ್ 1954

ಅಕ್ಕನಿಗೆ ನಮಸ್ಕಾರ.

ಇಷ್ಟೂ ವಿಷಯವನ್ನು ಒಂದೇ ಕಾರ್ಡಿನಲ್ಲಿ ಇರುವೆ ಸಾಲಿನ ಹಾಗೆ ತುಂಬಿದ್ದೀಯ. ನನಗಿಂತ ಮೊದಲು ದಾರಿಯಲ್ಲಿ ಎಲ್ಲರೂ ಓದಿದ್ದಾರೆ. ನಮ್ಮ ಪೋಸ್ಟ್‌ಮ್ಯಾನು, "ಕರು ಓಗ್ಬುಡ್ತಂತಲ್ಲಾ ಸ್ವಾಮಿ, ಪಾಪ" ಎಂದು ಮರುಗಿಯೇ ಕಾರ್ಡು ಕೈಗಿತ್ತ.

ಕಚೇರಿಯಲ್ಲಿ ನಾನು ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ. ಊರಿನವರೆಲ್ಲ ಸೇರಿ ಇನ್ಸ್‌ಪೆಕ್ಟರ್ ಸಾಹೇಬರಿಗೆ ಒಂದು ಅರ್ಜಿ ಬರೆಯಿರಿ. ಪಟೇಲರ ಸಹಿ ಮೇಲಿರಲಿ. ಬಸ್ಸಿನವರನ್ನು ಬೈಯಬೇಡಿ, ನಡೆದದ್ದನ್ನಷ್ಟೇ ಬರೆಯಿರಿ. ನೀನೇ ಬರೆಯುವುದಾದರೆ, ಅಕ್ಕಾ, ದಯವಿಟ್ಟು ಗಾದೆಗಳನ್ನು ಹಾಕಬೇಡ.

ಮಾದೇವಿಗೆ ಅಷ್ಟು ಹೆದರುವುದೇಕೆ? ಹಾರನ್ ಕೇಳಿದ ಕೂಡಲೇ ಇದ್ದಲ್ಲೇ ನಿಲ್ಲು ಎಂದು ಕಲಿಸು. ಇಲ್ಲಿ ಪೇಟೆ ಬೀದಿಯಲ್ಲಿ ಅವಳಿಗಿಂತ ಚಿಕ್ಕವರು ಹಾಗೆಯೇ ಓಡಾಡುತ್ತಾರೆ. ಅವಳು ಸ್ವಲ್ಪ ಹಟಮಾರಿ. ದೀಪಾವಳಿಯಲ್ಲಿ ನಾನು ಹಿತ್ತಲಿನಿಂದ ಎಷ್ಟು ಕೂಗಿದರೂ ತಿರುಗಿ ಸಹ ನೋಡಲಿಲ್ಲ. ಮುದ್ದು ಹೆಚ್ಚಾಯಿತು ಎಂದು ಅಂದೇ ಹೇಳಿದ್ದೆ.

ಉಡಿಗಾಲದಿಂದ ಅವ್ವ ಹೇಳಿಕಳಿಸಿದ್ದಾಳೆ, ಮಂಡಿನೋವು ವಾಸಿಯಂತೆ. ಭಾವನವರಿಗೆ ನನ್ನ ನಮಸ್ಕಾರ ತಿಳಿಸು.

ನೀಲಕಂಠಸ್ವಾಮಿ


ಹಂಗಳ
10 ಡಿಸೆಂಬರ್ 1954

ನೀಲಕಂಠ,

ಅರ್ಜಿ ನಿಮ್ಮ ಕಚೇರಿಗೆ ಹೊರಟಿದೆ. ನಿನ್ನ ಭಾವ ಗುಂಡ್ಲುಪೇಟೆ ಸಂತೆಗೆ ಹೋದಾಗ ಅಲ್ಲಿಂದ ರಿಜಿಸ್ಟರ್ ಮಾಡಿ ಬಂದರು. ಪಟೇಲ್ ಶಿವರುದ್ರಸ್ವಾಮಿಯವರು ಮೊದಲು ಸಹಿ ಹಾಕಲು ಹಿಂದೆ ಮುಂದೆ ನೋಡಿದರು. "ಬಸ್ನೋರು ನಮ್ಗೆ ಬೇಕಾದೋರು ಕಣವ್ವ, ಮುಂದ್ಗಡೆ ಸೀಟು ಕೊಡ್ತಾರೆ" ಎಂದರು. ಅದೇ ಹೊತ್ತಿಗೆ ಕೆಂಪು ಬಸ್ಸು ಹಾದುಹೋಗಿ ಅವರ ಬಿಳಿ ಪಂಚೆಯ ಮೇಲೆಲ್ಲ ಕೆಸರು ಎರಚಿತು. ಆಮೇಲೆ ಅವರೇ ಸೀಸದ ಕಡ್ಡಿ ಕೇಳಿ ಇಸಿದುಕೊಂಡರು. ಉಳಿದವರು ಹೆಬ್ಬೆಟ್ಟು ಒತ್ತಿದರು.

ಗಾದೆ ಹಾಕಲಿಲ್ಲ. ಒಂದೇ ಒಂದು ಹಾಕಿದೆ. ಅದಿಲ್ಲದೆ ಅರ್ಜಿ ಉಪ್ಪಿಲ್ಲದ ಸಾರಿನ ಹಾಗಿತ್ತು.

ಹಾರನ್ ವಿಷಯ ಬರೆದಿದ್ದೀಯ. ಮಕ್ಕಳನ್ನು ಸಾಕುವುದು ಹೇಗೆಂದು ನಿನಗೆ ಮದುವೆಯಾದ ಮೇಲೆ ಮಾತಾಡೋಣ.

ಅಕ್ಕ


ಚಾಮರಾಜನಗರ
17 ಜನವರಿ 1955

ಅಕ್ಕಾ,

ಸಿಹಿ ಮಾಡಿ ತಿನ್ನಿರಿ. ನಿಮ್ಮ ಅರ್ಜಿಗೆ ಹುಕುಂ ಆಗಿದೆ. ಸಾಹೇಬರು ಅದನ್ನು ಪೂರ್ತಿ ಓದಿದರು. ಗಾದೆ ಬಂದ ಕಡೆ ನಕ್ಕರು ಕೂಡ. ನಾನು ತಲೆ ತಗ್ಗಿಸಿಕೊಂಡು ಇಂಕು ಅದ್ದುತ್ತಿದ್ದೆ.

ಊರಿನ ಎರಡೂ ಕೊನೆಯಲ್ಲಿ ದೊಡ್ಡ ಹಲಗೆ ನೆಡಿಸುತ್ತಾರೆ. "ಮುಂದೆ ಗ್ರಾಮವಿದೆ, ಹಾರನ್ ಮಾಡಿ" ಎಂದು ಅದರ ಮೇಲೆ ಬರೆದಿರುತ್ತದೆ. ಹಲಗೆ ದಾಟಿದ ಮೇಲೆ ಊರು ಮುಗಿಯುವ ತನಕ ಹಾರನ್ ಮಾಡದ ಡ್ರೈವರಿಗೆ ದಂಡ. ಈ ಹಲಗೆಯ ಸಲಹೆ ನನ್ನದೇ. ಹೆದರಿ ಹೆದರಿ ಬಾಯಿ ಬಿಟ್ಟೆ, ಅವರು ಒಪ್ಪಿಬಿಟ್ಟರು. ಇನ್ನು ಬಸ್ಸು ಒಂದು ಮೈಲಿ ದೂರದಲ್ಲಿರುವಾಗಲೇ ಊರಿಗೆಲ್ಲ ಗೊತ್ತಾಗುತ್ತದೆ. ನೀನು ಬಾಗಿಲ ಅಗುಳಿ ತೆಗೆದು ನಿಶ್ಚಿಂತೆಯಾಗಿ ಒಲೆ ಮುಂದೆ ಕೂರಬಹುದು.

ತಮ್ಮನಿಂದ ಏನು ಉಪಕಾರವಾಯಿತು ಎಂದು ಕೇಳಿದ್ದೆಯಲ್ಲ, ಈಗ ಹೇಳು.

ನೀಲಕಂಠಸ್ವಾಮಿ


ಹಂಗಳ
2 ಫೆಬ್ರವರಿ 1955

ನೀಲಕಂಠ,

ಇದನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ ಕಳಿಸುತ್ತಿದ್ದೇನೆ. ಓದಿ ಹರಿದುಹಾಕು.

ಹಲಗೆ ಬಂತು. ಮೊದಲು ಡ್ರೈವರುಗಳು ಊರು ಕಂಡಾಗ ಒಂದಿಷ್ಟಾದರೂ ಕಾಲು ಸಡಿಲ ಮಾಡುತ್ತಿದ್ದರು. ಈಗ ಅದೂ ಇಲ್ಲ. ಹಲಗೆ ಕಂಡ ಕಡೆಯಿಂದ ಪೋಂ ಪೋಂ ಎಂದು ಹಿಡಿದ ಕೈ ಬಿಡದೆ ಒತ್ತುತ್ತಾರೆ, ಇನ್ನು ತಮ್ಮ ಹೊಣೆ ಮುಗಿಯಿತು ಎಂದು ಬಾಣದಂತೆ ಹೋಗುತ್ತಾರೆ. ಸರ್ಕಾರವೇ ಹಾರನ್ ಮಾಡಿ ಎಂದಿದೆ, ನಿಧಾನವಾಗಿ ಹೋಗಿ ಎಂದು ಎಲ್ಲಿಯೂ ಬರೆದಿಲ್ಲ.

ನಿನ್ನೆ ನಾನು ರಾಗಿ ಬೀಸುತ್ತಿದ್ದೆ. ಅಗುಳಿ ಸರಿಯಾಗಿ ಬಿದ್ದಿರಲಿಲ್ಲ. ಮಾದೇವಿ ಬೆಕ್ಕಿನ ಮರಿಯ ಹಿಂದೆ ರಸ್ತೆಗೆ ಹೋಗಿದ್ದಾಳೆ. ಕೆಂಪು ಬಸ್ಸು ಹಾರನ್ ಮಾಡುತ್ತಲೇ ಬಂತು. ಊರೆಲ್ಲ ಕಿವಿ ಮುಚ್ಚಿಕೊಳ್ಳುವ ಹಾಗೆ ಮಾಡಿತು. ಇವಳು ಬೆನ್ನು ತಿರುಗಿಸಿ ಬೆಕ್ಕಿನ ಮರಿಯನ್ನು ಎತ್ತಿಕೊಳ್ಳುತ್ತಾ ನಿಂತಿದ್ದಳು. ಪುಟ್ಟಸಿದ್ದಮ್ಮ ಬಿಂದಿಗೆ ಬಿಸಾಡಿ ಓಡಿ ಲಂಗ ಹಿಡಿದು ಎಳೆದಳು. ನಾನು ಹೊರಗೆ ಬರುವಷ್ಟರಲ್ಲಿ ಇಬ್ಬರೂ ಚರಂಡಿಯಲ್ಲಿ ಬಿದ್ದಿದ್ದರು.

ಮಾದೇವಿಗೆ ಕಿವಿ ಕೇಳಿಸುವುದಿಲ್ಲ ಕಣೋ. ನಾಲ್ಕನೇ ವರ್ಷದಲ್ಲಿ ಜ್ವರ ಬಂದು ಕಿವಿ ಸೋರಿತಲ್ಲ, ಆಗಲೇ ಹೋಯಿತು. ಮಾತು ಮೊದಲೇ ಬಂದಿತ್ತು, ಅದು ಉಳಿಯಿತು. ನನ್ನ ಬಾಯಿ ನೋಡಿ ಎಲ್ಲ ತಿಳಿದುಕೊಳ್ಳುತ್ತಾಳೆ, ಎಷ್ಟು ಜಾಣೆ ಎಂದರೆ ಎದುರಿಗೆ ಕೂತವರಿಗೆ ಗೊತ್ತೇ ಆಗುವುದಿಲ್ಲ. ಹಿಂದಿನಿಂದ ನೀನು ಕೂಗಿದರೂ ಒಂದೇ, ನಿನ್ನ ಹಾರನ್ ಕೂಗಿದರೂ ಒಂದೇ.

ಯಾರಿಗೂ ಹೇಳಿಲ್ಲ. ನಿನ್ನ ಭಾವನಿಗೆ ಬಿಟ್ಟರೆ ಅವ್ವನಿಗೂ ಹೇಳಿಲ್ಲ. ಹೆಣ್ಣು ಮಗು, ನಾಳೆ ಒಂದು ಮನೆ ಸೇರಬೇಕಾದವಳು. ಕಿವುಡಿ ಎಂದು ಒಂದು ಸಲ ಹೆಸರು ಬಿದ್ದರೆ ಮಾದೇವಿ ಎಂಬ ಹೆಸರು ಮರೆತೇಹೋಗುತ್ತದೆ. ಈ ಊರು ಒಳ್ಳೆಯದೇ, ಆದರೆ ಊರಿಗೆ ಬಾಯಿದೆ. ನೀನೂ ಬಾಯಿ ಬಿಡಬೇಡ. ನನ್ನಾಣೆ ಇದೆ.

ಅಕ್ಕ


ಚಾಮರಾಜನಗರ
7 ಫೆಬ್ರವರಿ 1955

ಅಕ್ಕಾ,

ನಿನ್ನ ಲಕೋಟೆಯನ್ನು ಒಲೆಗೆ ಹಾಕಿದೆ. ನಿನ್ನೆಯಿಂದ ಕಚೇರಿಯಲ್ಲಿ ಯಾವ ಹಾಳೆ ತೆಗೆದರೂ ಅಕ್ಷರ ಕಾಣಿಸುತ್ತಿಲ್ಲ. ಹಟಮಾರಿ ಎಂದು ಬರೆದೆ. ಆ ಹಲಗೆಯನ್ನು ನಾನೇ ನೆಡಿಸಿದೆ.

ಮೂರು ವರ್ಷ ನೀವಿಬ್ಬರೇ ಇದನ್ನು ಹೊತ್ತುಕೊಂಡಿದ್ದಿರಲ್ಲ, ನನಗಾದರೂ ಹೇಳಬಾರದಿತ್ತೇ?

ಯಾರಿಗೂ ಹೇಳುವುದಿಲ್ಲ, ಆಣೆ. ಸಾಹೇಬರನ್ನೇ ನಿಮ್ಮ ಊರಿಗೆ ಕರೆದುತರುತ್ತೇನೆ. ಕಣ್ಣಾರೆ ನೋಡಿದರೆ ಅವರೇ ಕ್ರಮ ಕೈಗೊಳ್ಳುತ್ತಾರೆ. ಅದುವರೆಗೆ ಅಗುಳಿ ಭದ್ರವಾಗಿರಲಿ.

ನೀಲಕಂಠ


ಹಂಗಳ
4 ಮಾರ್ಚ್ 1955

ನೀಲಕಂಠ,

ನೀನು ಮಾತು ಉಳಿಸಿಕೊಂಡೆ. ಸಾಹೇಬರು ನಿನ್ನೆ ಬಂದು ಹೋದರು. ಅವರು ಬರುವುದನ್ನು ಮೊದಲೇ ತಿಳಿಸಿದ್ದು ಬಹಳ ಒಳ್ಳೆಯದಾಯಿತು. ಇಲ್ಲದಿದ್ದರೆ ಊರಿನ ಮಾನ ಹೋಗುತ್ತಿತ್ತು.

ಹಿಂದಿನ ದಿನವೇ ಬೀದಿಗೆ ಸಗಣಿ ನೀರು ಚಿಮುಕಿಸಿ ರಂಗೋಲಿ ಹಾಕಿದೆವು. ರಸ್ತೆಗೆ ಅಡ್ಡಲಾಗಿ ಬೊಂಬು ಕಟ್ಟಿ ಮಾವಿನ ಸೊಪ್ಪಿನ ಚಪ್ಪರದ ಬಾಗಿಲು ಮಾಡಿದರು. ವಾಲಗದ ಮಾದಣ್ಣ ಕುದೇರಿನ ಮದುವೆ ಬಿಟ್ಟು ಬಂದ. ಸಾಹೇಬರ ಜೀಪು ಬಂದದ್ದೇ ತಡ ಹಾರ, ಆರತಿ, ಉಪ್ಪಿಟ್ಟು, ಬಾಳೆಹಣ್ಣು. ನನ್ನ ಮಜ್ಜಿಗೆಯನ್ನು ಎರಡು ಲೋಟ ಕುಡಿದು, "ತುಂಬ ಚೆನ್ನಾಗಿದೆಯಮ್ಮ" ಎಂದರು. ಪಟೇಲರು ಭಾಷಣ ಮಾಡಿದರು.

ಅಷ್ಟರಲ್ಲಿ ಹಳದಿ ಬಸ್ಸೂ ಬಂತು, ಅದರ ಹಿಂದೆಯೇ ಕೆಂಪು ಬಸ್ಸೂ ಬಂತು. ಚಪ್ಪರದ ಕೆಳಗೆ ಜನವೋ ಜನ. ಎರಡೂ ಆಮೆಯ ಹಾಗೆ ತೆವಳಿಕೊಂಡು ಬಂದು ನಿಂತವು. ಬಿಸಿಲಲ್ಲಿ ಕೂತವರನ್ನು ನೋಡಲಾರದೆ ಬಸ್ಸಿನವರಿಗೂ ಮಜ್ಜಿಗೆ ಕೊಟ್ಟೆವು. ಆ ಡ್ರೈವರು ಕೂಡ ಇಳಿದು ಸಾಹೇಬರಿಗೆ ಕೈಮುಗಿದು ಪುಟ್ಟಸಿದ್ದಮ್ಮನ ಕೈಯಿಂದಲೇ ಲೋಟ ತೆಗೆದುಕೊಂಡ. ಅವಳು ಕರುವನ್ನು ನೆನೆದು ಕಣ್ಣೊರೆಸಿಕೊಂಡಳು, ಆದರೂ ಕೊಟ್ಟಳು.

ಸಾಹೇಬರು ಎಲ್ಲವನ್ನೂ ಬರೆದುಕೊಂಡು ಹೋದರು. ಇನ್ನು ನಮಗೆ ಭಯವಿಲ್ಲ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದಾರೆ. ಶಾಲೆಯ ಮೇಷ್ಟರನ್ನು ಕಂಡು ಮಾದೇವಿಯ ವಿಷಯ ಕೇಳಬೇಕೆಂದಿದ್ದೇನೆ.

ಅಕ್ಕ


ಚಾಮರಾಜನಗರ
11 ಮಾರ್ಚ್ 1955

ಅಕ್ಕಾ,

ಹೇಗೆ ಹೇಳಲಿ ತಿಳಿಯುತ್ತಿಲ್ಲ. ಸಾಹೇಬರು ವರದಿ ಬರೆದಿದ್ದಾರೆ. ಅದನ್ನು ಶುದ್ಧ ಪ್ರತಿ ಮಾಡುವ ಕೆಲಸ ನನ್ನ ಪಾಲಿಗೇ ಬಂತು. ನನ್ನ ಕೈಯಾರೆ ಬರೆದದ್ದು ಇದು: "ಹಂಗಳ ಗ್ರಾಮದ ಒಳಗೆ ಬಸ್ಸುಗಳು ಎತ್ತಿನ ಗಾಡಿಗಿಂತ ನಿಧಾನವಾಗಿ ಚಲಿಸುವುದನ್ನು ಖುದ್ದಾಗಿ ನೋಡಿರುತ್ತೇನೆ. ಡ್ರೈವರುಗಳಿಗೂ ಗ್ರಾಮಸ್ಥರಿಗೂ ಬಹಳ ಸೌಹಾರ್ದವಿದೆ. ಅರ್ಜಿಯಲ್ಲಿ ಹುರುಳಿಲ್ಲ."

ರಸ್ತೆ ತುಂಬ ಚಪ್ಪರ ಹಾಕಿ ಜನ ನಿಂತರೆ ಬಸ್ಸು ಓಡುವುದಾದರೂ ಎಲ್ಲಿಂದ? ವೇಗ ತೋರಿಸಿ ಎಂದು ನಾನು ಅವರನ್ನು ಕಳಿಸಿದರೆ ನೀವು ಮೆರವಣಿಗೆ ತೋರಿಸಿದ್ದೀರಿ! ಕೊಂದವನ ಕೈಗೂ ಮಜ್ಜಿಗೆ ಕೊಟ್ಟಿದ್ದೀರಿ!

ಸಿಟ್ಟಿನಲ್ಲಿ ಬರೆದೆ, ಬೇಸರ ಮಾಡಿಕೊಳ್ಳಬೇಡ. ತಪ್ಪು ನನ್ನದೂ ಇದೆ, ಮುಂಚೆ ತಿಳಿಸಬಾರದಿತ್ತು. ಇನ್ನೊಂದು ಸಲ ಕರೆತರಲು ನೋಡುತ್ತೇನೆ. ಬಂದರೆ ಒಬ್ಬರೂ ಹತ್ತಿರ ಸುಳಿಯಬಾರದು. ಅವರು ಯಾರೋ ನೀವು ಯಾರೋ ಎನ್ನುವ ಹಾಗಿರಬೇಕು. ಹಾರ ಬೇಡ, ಉಪ್ಪಿಟ್ಟು ಬೇಡ. ನೀರು ಕೂಡ ಬೇಡ.

ನೀಲಕಂಠ


ಹಂಗಳ
20 ಮಾರ್ಚ್ 1955

ನೀಲಕಂಠ,

ನಿನ್ನ ಕಾಗದವನ್ನು ಪಟೇಲರ ಪಡಸಾಲೆಯಲ್ಲಿ ಓದಿ ಹೇಳಿದೆ. ಆಮೇಲೆ ಚಪ್ಪರ ಹಾಕೋಣ ಎಂದವರು ಯಾರು ಎಂದು ಒಬ್ಬರ ಮೇಲೊಬ್ಬರು ಬಿದ್ದರು. ನೋಡಿದರೆ ಮೊದಲು ಹೇಳಿದವಳು ನಾನೇ.

ಇನ್ನೊಂದು ಸಲ ಬಂದರೆ ನೀರು ಕೊಡಬಾರದು ಎಂದಾಗ ಪಟೇಲರು ಎದ್ದೇ ನಿಂತರು. "ಊರ್ಗ್ ಬಂದೋರ್ಗೆ ನೀರ್ ಕೊಡ್ಬಾರ್ದಾ? ನಮ್ಮಪ್ಪನ ಕಾಲ್ದಲ್ಲೂ ಇಂತದ್ ಕೇಳಿಲ್ಲ ಕಣವ್ವ, ಬಸ್ಸೇ ಓಡ್ಲಿ ಬುಡು" ಎಂದರು. ಪುಟ್ಟಸಿದ್ದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಸ್ವಾಮೇರಾ, ಒಂದ್ ದಿನ ಮರ್ವಾದೆ ಬುಟ್ರೆ ನಮ್ ಮಕ್ಳು ಉಳೀತವೆ. ಬುಟ್ಬುಡನ" ಎಂದಳು. ಅವಳ ಮಕ್ಕಳೆಲ್ಲ ಬೆಳೆದು ದೊಡ್ಡವರಾಗಿದ್ದಾರೆ. ಯಾರ ಮಗುವಿಗಾಗಿ ಹೇಳಿದಳೋ ಕಾಣೆ.

ಯುಗಾದಿ ಹತ್ತಿರ ಬಂತು. ಆಮೇಲೆ ಊಟಿಗೆ ಹೋಗುವ ಕಾರುಗಳ ಕಾಲ. ಬೇಗ ಏನಾದರೂ ಮಾಡು. ಮಾದೇವಿ ಇಡೀ ದಿನ ಕಿಟಕಿಯ ಸರಳು ಹಿಡಿದು ಎದುರಿನ ಶಾಲೆಯ ಮಕ್ಕಳನ್ನು ನೋಡುತ್ತಾ ನಿಲ್ಲುತ್ತಾಳೆ. ಅವರ ಬಾಯಿ ನೋಡಿ ಮಗ್ಗಿ ಕಲಿತಿದ್ದಾಳೆ, ನಿನ್ನೆ ನನಗೆ ಒಪ್ಪಿಸಿದಳು. ನಾನು ಒಳಗೆ ಹೋಗಿ ಅತ್ತೆ.

ಅಕ್ಕ


ಚಾಮರಾಜನಗರ
18 ಏಪ್ರಿಲ್ 1955

ಅಕ್ಕಾ,

ಬೀಗರು ಈ ವಾರದಲ್ಲಿ ಯಾವತ್ತಾದರೂ ನಿಮ್ಮ ಕಡೆ ಬರಬಹುದು. ದಿನ ನನಗೂ ಗೊತ್ತಿಲ್ಲ. ಅವರ ವೈದ್ಯರು ಮಜ್ಜಿಗೆ ಕೂಡದು ಎಂದಿದ್ದಾರೆ. ಕಾರ್ಡಾದ್ದರಿಂದ ಇಷ್ಟೇ.

ನೀಲಕಂಠ


ಹಂಗಳ
26 ಏಪ್ರಿಲ್ 1955

ನೀಲಕಂಠ,

ನಿನ್ನ ಮೇಲೆ ನನಗೆ ಕೋಪವಿದೆ. ಅದನ್ನು ಆಮೇಲೆ ಬರೆಯುತ್ತೇನೆ, ಮೊದಲು ನಡೆದದ್ದನ್ನು ಕೇಳು.

ಬೀಗರು ಮೊನ್ನೆ ಬಂದರು. ಜೀಪಿಲ್ಲ, ಟೋಪಿಯಿಲ್ಲ, ಬರೀ ಪಂಚೆ ಅಂಗಿ. ಹಿಂದಿನ ದಿನವೇ ಬಂಡೀಪುರಕ್ಕೆ ಹೋಗಿ ಉಳಿದು, ಅಲ್ಲಿಂದ ಹಳದಿ ಬಸ್ಸು ಹತ್ತಿದ್ದರಂತೆ. ಹಂಗಳದಲ್ಲಿ ಇಳಿಸಪ್ಪ ಎಂದು ಕೂಗಿಕೊಂಡರೂ ಡ್ರೈವರು ಊರೊಳಗೆ ನಿಲ್ಲಿಸಲಿಲ್ಲ. ಕೆಂಪು ಬಸ್ಸು ಹಿಂದೆಯೇ ಇತ್ತಲ್ಲ! ಬಹಳ ದೂರ ಹೋಗಿ ಇಳಿಸಿದ. ಅಲ್ಲಿಂದ ಬಿಸಿಲಲ್ಲಿ ಬಸ್ಸಿನ ಕುಲುಕಿಗೆ ಎದ್ದ ಹಣೆಯ ಬುಗುಟು ಒತ್ತಿಕೊಳ್ಳುತ್ತಾ ನಡೆದು ಬಂದು ಬಾವಿಕಟ್ಟೆಯ ಮೇಲೆ ಕೂತರು.

ಎಲ್ಲರಿಗೂ ಗುರುತು ಸಿಕ್ಕಿತು. ಎಲ್ಲರೂ ಗುರುತು ಸಿಗದವರ ಹಾಗೆ ಮಾಡಿದರು. ಪಟೇಲರು ಜಗಲಿಯಿಂದೆದ್ದು ಒಳಗೆ ಹೋದವರು ಹೊರಗೇ ಬರಲಿಲ್ಲ. ವಾಲಗದ ಮಾದಣ್ಣ ಎದುರಿಗೇ ಸಿಕ್ಕಿಬಿದ್ದು, ಅವರು ಕೇಳದಿದ್ದರೂ, "ಎತ್ತು ಉಡುಕ್ತಾ ಇವ್ನಿ ಸ್ವಾಮಿ" ಎಂದು ಓಡಿದ. ಅವನಿಗೆ ಎತ್ತೇ ಇಲ್ಲ. ಸಾಹೇಬರು ಪುಟ್ಟಸಿದ್ದಮ್ಮನನ್ನು ಕುಡಿಯಲು ನೀರು ಕೇಳಿದರು. ಹಗ್ಗವನ್ನು ಹೆಗಲ ಮೇಲೆ ಹಾಕಿಕೊಂಡೇ ಅವಳು, "ಅಗ್ಗ ಇಲ್ಲ ಬುದ್ದಿ" ಎಂದಳು.

ನಾನು ಕಡೆದ ಮಜ್ಜಿಗೆಗೆ ಶುಂಠಿ ಕೊತ್ತಂಬರಿ ಹಾಕಿ ಬಾಗಿಲ ಹಿಂದೆ ಇಟ್ಟುಕೊಂಡು ನಿಂತಿದ್ದೆ. ಆ ಮನುಷ್ಯ ತುಟಿ ಸವರಿಕೊಳ್ಳುವುದು ನನಗೆ ಕಾಣುತ್ತಿತ್ತು. ನನ್ನ ಜನ್ಮದಲ್ಲಿ ಇಷ್ಟು ಕಷ್ಟದ ಕೆಲಸ ಮಾಡಿಲ್ಲ ಕಣೋ.

ಕೊನೆಗೆ ಕಾಡಿನ ಕಡೆಯಿಂದ ಹಾರನ್ ಶುರುವಾಯಿತು. ಇನ್ನೊಂದು ಕೆಂಪು ಬಸ್ಸು ಮುಂದೆ, ಇನ್ನೊಂದು ಹಳದಿ ಬಸ್ಸು ಹಿಂದೆ. ನಮ್ಮ ಮನೆಯ ಹತ್ತಿರ ಹಳದಿಯದು ಪಕ್ಕಕ್ಕೆ ಹೊರಳಿ ಮುಂದೆ ನುಗ್ಗಲು ನೋಡಿತು. ಅದರ ಚಕ್ರ ರಸ್ತೆ ಬಿಟ್ಟು ಬಾವಿಯ ಕಡೆ ಇಳಿಯಿತು. ಸಾಹೇಬರು ಎಗರಿ ಕಟ್ಟೆಯ ಮೇಲೆ ನಿಂತು ರಾಟೆಯ ಕಂಬ ತಬ್ಬಿಕೊಂಡರು. ಪುಟ್ಟಸಿದ್ದಮ್ಮ ಹಿಂದಕ್ಕೆ ಹಾರಿದಳು. ಅವಳ ಹಿತ್ತಾಳೆ ಬಿಂದಿಗೆ ಅಪ್ಪಚ್ಚಿಯಾಯಿತು, ಸಾಹೇಬರ ಒಂದು ಚಪ್ಪಲಿ ಬಾವಿಗೆ ಬಿತ್ತು. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. ಎರಡು ಬಸ್ಸೂ ನಿಲ್ಲಲಿಲ್ಲ.

ನಾನು ಹೆದರಿ ಬಾಗಿಲು ತೆರೆದು ಹೊರಗೆ ಬಂದಿದ್ದೆ. ನನ್ನ ಹಿಂದೆಯೇ ಮಾದೇವಿ ನುಸುಳಿ ಜಗಲಿಯ ಅಂಚಿಗೆ ಬಂದು ಬಸ್ಸು ಹೋದ ಕಡೆ ನೋಡುತ್ತಾ ನಿಂತಿದ್ದಳು. ಸಾಹೇಬರು ಒಂದೇ ಚಪ್ಪಲಿಯಲ್ಲಿ ರಸ್ತೆ ದಾಟಿ ಬಂದರು. ಅವಳ ಬೆನ್ನ ಹಿಂದೆ ನಿಂತು "ಮಗೂ" ಎಂದರು. ಅವಳು ತಿರುಗಲಿಲ್ಲ. ಜೋರಾಗಿ ಚಪ್ಪಾಳೆ ತಟ್ಟಿದರು. ಆಗಲೂ ತಿರುಗಲಿಲ್ಲ. ಆಮೇಲೆ ಮುಂದೆ ಬಂದು ಕುಕ್ಕರುಗಾಲಿನಲ್ಲಿ ಕೂತು, ಬಾಯಿ ಕಾಣುವ ಹಾಗೆ ನಿಧಾನವಾಗಿ, "ನಿನ್ನ ಹೆಸರೇನಮ್ಮ?" ಎಂದು ಕೇಳಿದರು. "ಮಾದೇವಿ" ಎಂದಳು.

ನೀನು ಹೇಳಿಬಿಟ್ಟಿದ್ದೀಯ ಎಂದು ಆಗ ನನಗೆ ತಿಳಿಯಿತು. ಬೀದಿಯಲ್ಲಿ ಊರೆಲ್ಲ ನಿಂತಿತ್ತು. ನನ್ನಾಣೆ ಹಾಕಿದ್ದೆ, ನೀಲಕಂಠ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಪುಟ್ಟಸಿದ್ದಮ್ಮನ ಕಡೆ ತಿರುಗಿ ಏನೋ ಸುಳ್ಳು ಹೇಳಲು ಹೋದೆ. ಅವಳು ಜಜ್ಜಿಹೋದ ಬಿಂದಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ, "ನಮ್ಗೊತ್ತಿಲ್ವಾ ಗುರುಮಲ್ಲವ್ವ? ಯಾವತ್ತೋ ಗೊತ್ತು ಕಣ. ನೀ ಏಳ್ಲಿಲ್ಲ, ನಾವ್ ಕೇಳ್ಲಿಲ್ಲ. ಬಸ್ ಬಂದಾಗೆಲ್ಲ ನಾ ಬಿಂದ್ಗೆ ಇಡ್ಕಂಡು ಈಚ್ಗೆ ಯಾಕ್ ಬತ್ತೀನಿ ಅನ್ಕಂಡಿದ್ದೆ, ನೀರ್ಗಾ?" ಎಂದಳು.

ಅವರೆಲ್ಲರಿಗೂ ಗೊತ್ತಿತ್ತಂತೆ, ಪಟೇಲರಿಗೂ, ಮಾದಣ್ಣನಿಗೂ. ನನ್ನ ಮಗಳಿಗೆ ಯಾರೂ ಬೇರೆ ಹೆಸರಿಟ್ಟಿರಲಿಲ್ಲ. ನಾನು ಜಗಲಿಯ ಮೇಲೆ ಕೂತು, ಸಾಹೇಬರು ಎದುರಿಗಿದ್ದಾರೆ ಎಂಬುದನ್ನೂ ಮರೆತು, ಗಟ್ಟಿಯಾಗಿ ಅತ್ತುಬಿಟ್ಟೆ. ಅತ್ತ ಮೇಲೆ ಎಷ್ಟು ಹಗುರವಾಯಿತು ಎಂದು ನಿನಗೆ ಬರೆದು ತಿಳಿಸಲಾರೆ.

ಬಸ್ಸು ನೋಡಿದ್ದಾಯಿತಲ್ಲ, ಇನ್ನು ಯಾವ ವೈದ್ಯರ ಮಾತೂ ಬೇಡವೆಂದು ಮಜ್ಜಿಗೆ ತಂದುಕೊಟ್ಟೆ. ಸಾಹೇಬರು ಮೂರು ಲೋಟ ಕುಡಿದು, "ಹೋದ ಸಲದ ಹಾಗೆಯೇ ಇದೆಯಮ್ಮ. ಈ ಸಲ ಮಾತ್ರ ಸ್ವಲ್ಪ ತಡವಾಯಿತು" ಎಂದರು. ಪಟೇಲರು ಆಗ ಹೊರಗೆ ಬಂದರು.

ಕೋಪ ಬರೆಯುತ್ತೇನೆ ಎಂದಿದ್ದೆ. ಬರೆಯುವಷ್ಟು ಉಳಿದಿಲ್ಲ.

ಅಕ್ಕ


ಚಾಮರಾಜನಗರ
6 ಮೇ 1955

ಅಕ್ಕಾ,

ಆಣೆ ಮುರಿದೆ, ಒಪ್ಪುತ್ತೇನೆ. ಎರಡನೇ ಸಲ ಹೋಗಿ ಎಂದು ಕೇಳಿದಾಗ ಸಾಹೇಬರು ಕನ್ನಡಕ ತೆಗೆದು, "ಹಾರನ್ ಇದೆಯಲ್ಲಾ ನೀಲಕಂಠಸ್ವಾಮಿ, ಇನ್ನೇನು ಬೇಕು?" ಎಂದರು. ಇಷ್ಟು ವರ್ಷದಿಂದ ಅವರೆದುರು ಹೂಂ ಎನ್ನುವುದಲ್ಲದೆ ಬೇರೆ ಮಾತಾಡದವನು, "ನನ್ನ ಅಕ್ಕನ ಮಗಳಿಗೆ ಹಾರನ್ ಕೇಳಿಸುವುದಿಲ್ಲ ಸರ್" ಎಂದುಬಿಟ್ಟೆ. ಕಚೇರಿಯೆಲ್ಲ ತಿರುಗಿ ನೋಡಿತು. ಅವರು ವರದಿಯನ್ನು ವಾಪಸು ತರಿಸಿಕೊಂಡರು.

ಈಗ ಹುಕುಂ ಹೊರಟಿದೆ, ಪ್ರತಿ ಮಾಡಿದವನು ನಾನೇ. ಮೊದಲ ಸಲ ನನ್ನ ಅಕ್ಷರ ನನಗೆ ಚೆಂದ ಕಂಡಿತು. ಹೋಗುವ ಬರುವ ಪ್ರತಿ ಬಸ್ಸೂ ಹಂಗಳದ ಬಾವಿಯ ಎದುರು ಕಡ್ಡಾಯವಾಗಿ ನಿಲ್ಲಬೇಕು, ಹತ್ತುವವರು ಇರಲಿ ಬಿಡಲಿ. ಊರೊಳಗೆ ಯಾವ ಗಾಡಿಯೂ ಗಂಟೆಗೆ ಹತ್ತು ಮೈಲಿ ಮೀರಬಾರದು. ಹಾರನ್ ಹಲಗೆ ಕಿತ್ತು ಬೇರೆ ಹಲಗೆ ಬರುತ್ತದೆ. ಊಟಿ ಸೀಸನ್ ಮುಗಿಯುವ ತನಕ ಒಬ್ಬ ಪೊಲೀಸಿನವನು ಅಲ್ಲೇ ಇರುತ್ತಾನೆ, ಅವನಿಗೆ ಬೇಕಾದಷ್ಟು ಮಜ್ಜಿಗೆ ಕೊಡಿ. ಎರಡು ಕಂಪನಿಯವರನ್ನೂ ಕರೆಸಿ, ಇನ್ನೊಮ್ಮೆ ಪಂದ್ಯ ಕಟ್ಟಿದರೆ ಪರ್ಮಿಟ್ಟೇ ಇಲ್ಲ ಎಂದಿದ್ದಾರೆ. ಬಾವಿಯ ಹತ್ತಿರ ನುಗ್ಗಿದ ಡ್ರೈವರಿನ ಲೈಸೆನ್ಸು ಒಂದು ತಿಂಗಳು ನಮ್ಮ ಬೀರುವಿನಲ್ಲಿರುತ್ತದೆ.

ಚಪ್ಪಲಿ ಸಿಕ್ಕಿದರೆ ಕಳಿಸುವುದು ಬೇಡವಂತೆ.

ಮಾದೇವಿಗೆ ಒಂದು ಸ್ಲೇಟು ಕಳಿಸಿದ್ದೇನೆ. ಹಟಮಾರಿ ಎಂದ ಮಾವನನ್ನು ಕ್ಷಮಿಸಲಿ.

ನೀಲಕಂಠ


ಹಂಗಳ
12 ಜೂನ್ 1955

ನೀಲಕಂಠ,

ಇಲ್ಲಿ ಎಲ್ಲರೂ ಕ್ಷೇಮ. ಈ ಸಲ ಸುಳ್ಳಲ್ಲ.

ಬಸ್ಸುಗಳು ನಮ್ಮ ಮನೆಯ ಮುಂದೆಯೇ ನಿಲ್ಲುತ್ತವೆ. ಪಟೇಲರು ಜಗಲಿಯಿಂದಿಳಿದು ನೇರ ಮುಂದಿನ ಸೀಟಿಗೆ ಹೋಗುತ್ತಾರೆ, ಹುಕುಂ ತಂದವರೇ ತಾವು ಎಂಬಂತೆ. ಪುಟ್ಟಸಿದ್ದಮ್ಮ ಹಳೆಯ ಹಾರನ್ ಹಲಗೆಯನ್ನು ಕೊಟ್ಟಿಗೆಗೆ ತಡಿಕೆ ಮಾಡಿದ್ದಾಳೆ. ಹೊಸ ಕರು ಅದನ್ನು ನೆಕ್ಕುತ್ತಾ ನಿಂತಿರುತ್ತದೆ.

ಶಾಲೆ ಶುರುವಾಯಿತು. ಮೇಷ್ಟರು, "ಮುಂದ್ಗಡೆ ಕೂರಿಸ್ಕೋತೀನಿ ತಾಯಿ, ನನ್ ಬಾಯಿ ಕಾಣೋ ಹಾಗೆ" ಎಂದಿದ್ದಾರೆ. ಮೊದಲೆರಡು ದಿನ ಮಾದೇವಿಯ ಕೈಹಿಡಿದು ನಾನೇ ದಾಟಿಸಿದೆ. ನಿನ್ನೆ ಅವಳು ಕೈ ಕೊಸರಿಕೊಂಡು, "ನಾನೇ ಓಯ್ತೀನಿ ಕಣವ್ವ" ಎಂದಳು. ಹಟಮಾರಿಯೇ ಸರಿ, ನೀನು ಹೇಳಿದ್ದು ಸುಳ್ಳಲ್ಲ.

ನಾನು ಜಗಲಿಯ ಕಂಬ ಹಿಡಿದು ನಿಂತೆ. ಹಳದಿ ಬಸ್ಸು ಬಾವಿಯ ಎದುರು ನಿಂತಿತ್ತು. ಡ್ರೈವರು ಅವನೇ, ಕರುವಿನವನು. ಮಾದೇವಿ ಅವನ ಮುಖ ನೋಡಿದಳು. ಅವನ ಕೈ ಅಭ್ಯಾಸದಂತೆ ಹಾರನ್ ಕಡೆ ಹೋಯಿತು, ಅಲ್ಲೇ ನಿಂತಿತು. ಆಮೇಲೆ ಆ ಕೈಯನ್ನು ಕಿಟಕಿಯಿಂದ ಹೊರಗೆ ಚಾಚಿ, ಹೋಗು ಎಂದು ಸನ್ನೆ ಮಾಡಿದ. ಅವಳು ಇಳಿದಳು. ನಡುರಸ್ತೆಯಲ್ಲಿ ನಿಂತುಬಿಟ್ಟಳು. ಅವಳಿಗೆ ನನ್ನ ಕಡೆ ತಿರುಗಿ ಸ್ಲೇಟು ಎತ್ತಿ ತೋರಿಸಬೇಕಿತ್ತು, ಅಷ್ಟೇ. ಬಸ್ಸಿನೊಳಗಿಂದ ಯಾರೋ, "ಬುಡ್ಲಾ, ಒತ್ತಾಯ್ತು" ಎಂದರು. ಡ್ರೈವರು, "ಇರಣ್ಣೋ, ಮಗ ದಾಟ್ಲಿ" ಎಂದ.

ದಾಟಿದಳು. ನಾನು ಇನ್ನೂ ಸ್ವಲ್ಪ ಹೊತ್ತು ಕಂಬ ಹಿಡಿದುಕೊಂಡೇ ಇದ್ದೆ. ಪುಟ್ಟಸಿದ್ದಮ್ಮ ಬಿಂದಿಗೆ ಇಲ್ಲದೆ ಹೊರಗೆ ಬಂದು ನಿಂತಿದ್ದಳು.

ಅವ್ವನಿಗೆ ಎಲ್ಲ ಹೇಳು. ದಸರೆಗೆ ಬಾ, ಮಾದೇವಿ ನಿನಗೆ ಮಗ್ಗಿ ಒಪ್ಪಿಸುತ್ತಾಳೆ. ಬೀದಿ ಬಾಗಿಲ ಅಗುಳಿಯನ್ನು ನಾವು ಈಗ ರಾತ್ರಿ ಮಲಗುವಾಗ ಮಾತ್ರ ಹಾಕುತ್ತೇವೆ.

ಅಕ್ಕ ಗುರುಮಲ್ಲಮ್ಮ